ಹೋದ ಟ್ಯೂಬ್‌ಲೈಟ್ ಎಲ್ಲಿಗೆ ಹೋಗಬೇಕು? ಮನೆಯವರಿಗಿರುವ ದಾರಿಗಳ ಹೋಲಿಕೆ

ದೀಪಾವಳಿಗೆ ಮುಂಚೆ ತಿಪಟೂರಿನ ನಮ್ಮ ಮನೆಯ ಅಟ್ಟ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಹಳೇ ಸೀರೆ ಡಬ್ಬಿಯೊಂದು ಸಿಕ್ಕಿತು. ಎತ್ತಿದರೆ ತೂಕವೇ ಇಲ್ಲ. ಮುಚ್ಚಳ ತೆಗೆದೆ. ಒಳಗೆ 11 ಸಿಎಫ್‌ಎಲ್ ಬಲ್ಬು. ಒಂದೊಂದನ್ನೂ ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು ಅಮ್ಮ. ಪಕ್ಕದಲ್ಲಿ ಗೋಡೆಗೆ ಒರಗಿಸಿದ ನಾಲ್ಕು ಟ್ಯೂಬ್‌ಲೈಟ್, ತುದಿಗಳೆಲ್ಲ ಕಪ್ಪಾದವು.

"ಹೋಗಿರೋ ಬಲ್ಬನ್ನೆಲ್ಲ ಯಾಕಮ್ಮ ಇಟ್ಕೊಂಡಿದೀಯ?" ಅಂದೆ.

"ಎಲ್ಲಿ ಬಿಸಾಕ್ಬೇಕು ಅಂತ ನೀನೇ ಹೇಳು" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲವರನ್ನು ಕೇಳಿದೆ. ಒಬ್ಬರು ಕಸದ ಗಾಡಿಗೆ ಕೊಡಿ ಅಂದರು, ಇನ್ನೊಬ್ಬರು ಅಯ್ಯೋ ಅದು ವಿಷ ಅಂದರು, ಮತ್ತೊಬ್ಬರು ಗುಜರಿಗೆ ಹಾಕಿ ಅಂದರು. ನಮ್ಮ ಮನೆಯಷ್ಟೇ ಅಲ್ಲ, ಒಂದು ಕಾಲದಲ್ಲಿ ಕರೆಂಟ್ ಉಳಿಸೋಕೆ ಸಿಎಫ್‌ಎಲ್ ಹಾಕಿಸಿಕೊಂಡ ಮನೆಗಳಲ್ಲೆಲ್ಲ ಇದೇ ಕಥೆ ಇರಬೇಕು. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆ ಅಂತ ಮಾಡಿ, ಹಳದಿ ಬೆಳಕಿನ ಬುರುಡೆ ಬಲ್ಬಿನ ಬೆಲೆಗೇ ಸಿಎಫ್‌ಎಲ್ ಕೊಡಿಸುವ ವ್ಯವಸ್ಥೆ ತಂದಿತು. ಆಮೇಲೆ ನಮ್ಮ ರಾಜ್ಯದಲ್ಲಿ ಹೊಸಬೆಳಕು ಹೆಸರಲ್ಲಿ ಎಲ್‌ಇಡಿ ಬಂತು. ಬಲ್ಬು ಬದಲಾಯಿಸಿ ಅಂತ ಎರಡು ಸಲ ಹೇಳಿಸಿಕೊಂಡೆವು. ತೆಗೆದದ್ದನ್ನು ಏನು ಮಾಡಬೇಕು ಅನ್ನೋದು ಮಾತ್ರ ಮನೆಮನೆಗೆ ತಲುಪಲೇ ಇಲ್ಲ.

ಅದಕ್ಕೆ ಇರುವ ದಾರಿಗಳನ್ನೆಲ್ಲ ಒಂದು ಕಡೆ ಇಟ್ಟು ತೂಗಿ ನೋಡಿದ್ದೇನೆ.

ಮೊದಲು, ನಿಮ್ಮ ಕೈಲಿರೋದು ಯಾವುದು?

ತಲೆನೋವು ತರೋದು ಒಳಗಿರುವ ಪಾದರಸ, ಅದು ವಿಷ. ಎಲ್ಲ ಬಲ್ಬಿಗೂ ಈ ತಲೆನೋವು ಇಲ್ಲ. ತಂತಿ ಕೆಂಪಗಾಗಿ ಉರಿಯುವ ಹಳೇ ಬುರುಡೆ ಬಲ್ಬಿನಲ್ಲಿ ಪಾದರಸ ಇಲ್ಲ. ಪೇಪರ್ ಸುತ್ತಿ ಒಣಕಸಕ್ಕೆ ಹಾಕಿ, ಮುಗೀತು. ಎಲ್‌ಇಡಿಯಲ್ಲೂ ಪಾದರಸ ಇಲ್ಲ. ಆದರೆ ಒಳಗೆ ಸರ್ಕ್ಯೂಟ್ ಇರುವುದರಿಂದ ಹಳೇ ಚಾರ್ಜರ್, ರಿಮೋಟ್ ಹೋಗುವ ಕಡೆಗೇ ಅದೂ ಹೋಗಬೇಕು.

ಪಾದರಸ ಇರೋದು ಸುರುಳಿ ಅಥವಾ ಯು ಆಕಾರದ ಸಿಎಫ್‌ಎಲ್‌ನಲ್ಲಿ ಮತ್ತು ಟ್ಯೂಬ್‌ಲೈಟ್‌ನಲ್ಲಿ. ಈಗ ಎಲ್‌ಇಡಿ ಟ್ಯೂಬೂ ನೋಡೋಕೆ ಹಾಗೇ ಇರುತ್ತೆ, ಗೊಂದಲ ಆಗುತ್ತೆ. ತುದಿಯ ಹತ್ತಿರದ ಅಚ್ಚು ಓದಿ. ಪಾದರಸ ಇದ್ದರೆ ಇಂಗ್ಲಿಷಿನಲ್ಲಿ ಎಚ್‌ಜಿ (Hg) ಅನ್ನೋ ಗುರುತು ಸಾಮಾನ್ಯವಾಗಿ ಇರುತ್ತದೆ. ಅಚ್ಚು ಅಳಿಸಿಹೋಗಿದ್ದರೆ ತುದಿ ನೋಡಿ. ಉರಿದು ಉರಿದು ತುದಿ ಕಪ್ಪಾಗಿದ್ದರೆ ಅದು ಹಳೇ ಟ್ಯೂಬೇ.

ಇನ್ನೊಂದು ಮಾತು. ಚೋಕ್ ಇರುವ ಹಳೇ ಪಟ್ಟಿಯಲ್ಲಿ ಲೈಟು ಮಿಣುಕ್ ಮಿಣುಕ್ ಅಂದ ಕೂಡಲೇ ಟ್ಯೂಬ್ ಹೋಯ್ತು ಅಂದುಕೊಳ್ಳಬೇಡಿ. ಎಷ್ಟೋ ಸಲ ಹೋಗಿರೋದು ಸ್ಟಾರ್ಟರ್. ಪಕ್ಕದ ರೂಮಿನ ಸ್ಟಾರ್ಟರ್ ತಿರುಗಿಸಿ ತೆಗೆದು ಇಲ್ಲಿ ಹಾಕಿ ನೋಡಿ. ಹತ್ತಿಕೊಂಡರೆ ಬಿಸಾಕುವ ಪ್ರಶ್ನೆಯೇ ಇಲ್ಲ. ಅಟ್ಟದ ನಾಲ್ಕರಲ್ಲಿ ಒಂದು ಟ್ಯೂಬ್ ಹೀಗೇ ಬದುಕಿಕೊಂಡಿತು, ಈಗ ಬಚ್ಚಲಲ್ಲಿ ಉರಿಯುತ್ತಿದೆ.

ಎಷ್ಟು ಹೆದರಬೇಕು?

ಟ್ಯೂಬಿನೊಳಗೆ ಪಾದರಸದ ಆವಿಯಲ್ಲಿ ಕರೆಂಟ್ ಹರಿದಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹುಟ್ಟುತ್ತದೆ. ಗಾಜಿನ ಒಳಗೋಡೆಗೆ ಬಳಿದ ಬಿಳಿ ಪುಡಿ ಅದನ್ನು ಬೆಳಕಾಗಿ ಬದಲಿಸುತ್ತದೆ. ಪಾದರಸ ಇಲ್ಲದೆ ಟ್ಯೂಬ್‌ಲೈಟೇ ಇಲ್ಲ. ಟ್ಯೂಬು ಹಳೆಯದಾದಂತೆ ಒಂದಷ್ಟು ಪಾದರಸ ಆ ಪುಡಿಗೇ ಅಂಟಿಕೊಳ್ಳುತ್ತದೆ. ಬಲ್ಬು ಹೋದರೂ ಪಾದರಸ ಎಲ್ಲೂ ಹೋಗಿರುವುದಿಲ್ಲ.

ಪ್ರಮಾಣ ಕಡಿಮೆಯೇ. 30 ವ್ಯಾಟ್‌ಗಿಂತ ಚಿಕ್ಕ ಸಿಎಫ್‌ಎಲ್‌ಗೆ 2016ರ ಇ-ತ್ಯಾಜ್ಯ (ಎಲೆಕ್ಟ್ರಾನಿಕ್ ಕಸದ) ನಿಯಮಗಳು ಹಾಕಿದ ಮಿತಿ 2.5 ಮಿಲಿಗ್ರಾಂ. ಅದಕ್ಕಿಂತ ಹಳೇ ಬಲ್ಬುಗಳಲ್ಲಿ ಐದರ ಆಸುಪಾಸು, ದಪ್ಪ ಟ್ಯೂಬುಗಳಲ್ಲಿ ಇನ್ನೂ ಜಾಸ್ತಿ ಇರಬಹುದು. ಜ್ವರ ನೋಡುವ ಹಳೇ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು ಅರ್ಧ ಗ್ರಾಂ, ಅಂದರೆ 500 ಮಿಲಿಗ್ರಾಂ ಇರುತ್ತದೆ. ಒಂದು ಥರ್ಮಾಮೀಟರ್ ಅಂದರೆ ನೂರು ಸಿಎಫ್‌ಎಲ್ ಲೆಕ್ಕ. ಹಾಗಾಗಿ ಮನೆಯಲ್ಲಿ ಒಂದು ಬಲ್ಬು ಒಡೆದರೆ ಆಸ್ಪತ್ರೆಗೆ ಓಡಬೇಕಾಗಿಲ್ಲ.

ಕಷ್ಟ ಇರೋದು ಒಂದು ಕಡೆ ರಾಶಿ ಬಿದ್ದಾಗ. ಪಾದರಸ ಕೊಳೆತು ಕರಗಿ ಹೋಗುವ ವಸ್ತು ಅಲ್ಲ. ನೀರಿಗೆ ಸೇರಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ. ಚಿಕ್ಕ ಮೀನನ್ನು ದೊಡ್ಡ ಮೀನು ತಿಂದಂತೆಲ್ಲ ಅದು ಸೇರುತ್ತಾ ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ನೀರಿನಿಂದ ಹೀಗೇ ಮೀನಿಗೆ ಸೇರಿ, ಆ ಮೀನು ತಿಂದವರು ಕಾಯಿಲೆ ಬಿದ್ದರು. ಆ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು. ನಮ್ಮ ಪಕ್ಕದ ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆಯೊಂದು ಪಾದರಸದ ಗಾಜನ್ನು ಗುಜರಿಗೆ ಹಾಕಿದ್ದು ಬಯಲಾಗಿ 2001ರಲ್ಲಿ ಬಾಗಿಲು ಹಾಕಿತು. ಅಲ್ಲೂ ಕೆಲಸಗಾರರಿಗೆ "ಗಾಜು ತಾನೇ" ಅನ್ನಿಸಿತ್ತೋ ಏನೋ.

ಅಳತೆಗೋಲು

ದಾರಿ ಯಾವುದೇ ಇರಲಿ, ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ದಾರಿಯಲ್ಲಿ ಒಡೆಯುತ್ತಾ? ಒಡೆದರೆ ಯಾರ ಕೈಯಲ್ಲಿ ಒಡೆಯುತ್ತೆ? ಕೊನೆಗೆ ಪಾದರಸ ಹಿಡಿದಿಡುವ ಕಡೆಗೆ ಹೋಗುತ್ತಾ? ನನಗೆ ಎಷ್ಟು ಖರ್ಚು, ಎಷ್ಟು ಓಡಾಟ?

ಎಲ್ಲರೂ ಮೂರನೆಯದನ್ನೇ ಹಿಡಿದುಕೊಳ್ಳುತ್ತಾರೆ, ಸರ್ಟಿಫಿಕೇಟ್ ಇರುವ ಕಂಪನಿ ಯಾವುದು ಅಂತ. ನನಗೆ ಮೊದಲೆರಡೇ ಮುಖ್ಯ. ಮೂಲೆಗಿಟ್ಟ ಟ್ಯೂಬು ಯಾರಿಗೂ ಏನೂ ಮಾಡುವುದಿಲ್ಲ. ಒಡೆದ ಕ್ಷಣ ಆವಿ ಹೊರಗೆ. ಆಮೇಲೆ ಜಗತ್ತಿನ ಅತಿ ಒಳ್ಳೆಯ ರೀಸೈಕ್ಲಿಂಗ್ ಕಾರ್ಖಾನೆಗೆ ಒಯ್ದರೂ ಹೊರಗೆ ಹೋದದ್ದು ಅವರಿಗೆ ಸಿಗೋದಿಲ್ಲ. ಸಾಗಿಸುವ ಪ್ರತಿ ಹಂತದಲ್ಲೂ ಅದು ಇನ್ನೊಬ್ಬರ ಕೈ ದಾಟುತ್ತದೆ. ಕೈ ಕಡಿಮೆ ಆದಷ್ಟೂ ಒಳ್ಳೆಯದು.

ಕಸದ ಗಾಡಿ

ಎಲ್ಲಕ್ಕಿಂತ ಸುಲಭ. ದಿನಾ ಬಾಗಿಲಿಗೇ ಬರುತ್ತೆ. ಖರ್ಚು ಸೊನ್ನೆ.

ನಾನೂ ಮಾಡಿದ್ದೇನೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಎರಡು ಟ್ಯೂಬ್ ಇದ್ದವು. ಬೆಳಗ್ಗೆ ಆಟೋ ಟಿಪ್ಪರ್ ಬಂದಾಗ ಹಾಗೇ ಕೈಗೆ ಕೊಟ್ಟೆ. ಗಾಡಿಯ ಮೇಲೆ ನಿಂತಿದ್ದ ಹುಡುಗ ಅವನ್ನು ಈಟಿ ಥರ ಒಳಗೆ ಎಸೆದ. ಢಬ್ ಅಂತ ಸದ್ದು. ಟ್ಯೂಬಿನೊಳಗೆ ಗಾಳಿಯ ಒತ್ತಡ ತುಂಬಾ ಕಡಿಮೆ ಇರುತ್ತೆ, ಅದಕ್ಕೇ ಆ ಸದ್ದು. ಒಂದು ಬಿಳಿ ಹೊಗೆ ಎದ್ದು ಅವನ ಮೊಣಕೈ ತನಕ ಪುಡಿ ಕೂತಿತು. ಅವನು ನಕ್ಕ. ಹೆಗಲ ಮೇಲಿದ್ದ ಟವೆಲ್‌ನಲ್ಲಿ ಕೈ ಒರೆಸಿಕೊಂಡ, ಅದೇ ಟವೆಲ್‌ನಲ್ಲಿ ಮುಖವನ್ನೂ ಒರೆಸಿಕೊಂಡ. ಮುಂದಿನ ಮನೆಯ ಮುಂದೆ ಗಾಡಿ ನಿಂತಿತು.

ಅವತ್ತು ನನಗೆ ಅದೇನೆಂದು ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ಕೊಡೋಕೆ ಆಗಲ್ಲ.

ಆದರೂ ಈ ದಾರಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಯಾಕೆಂದರೆ ಬಹಳ ಜನಕ್ಕೆ ಇರೋದು ಇದೊಂದೇ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಸಿಎಫ್‌ಎಲ್, ಟ್ಯೂಬ್‌ಲೈಟ್, ಮುಗಿದ ಬ್ಯಾಟರಿ, ಅವಧಿ ಮೀರಿದ ಔಷಧಿ ಎಲ್ಲವನ್ನೂ ಸೇರಿಸಿ 'ಮನೆಯ ಅಪಾಯಕಾರಿ ಕಸ' ಅಂತ ಬೇರೆ ಪಟ್ಟಿ ಮಾಡಿದ್ದರು. ಹಸಿಕಸ, ಒಣಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡಬೇಕು ಅಂತಲೂ ಹೇಳಿದ್ದರು. ಬೇರೆ ಕೊಡೋದು ಅಂದರೆ ಹೀಗೆ: ಸುತ್ತಿ, ಡಬ್ಬದಲ್ಲಿಟ್ಟು, ಮೇಲೆ ದೊಡ್ಡದಾಗಿ 'ಟ್ಯೂಬ್‌ಲೈಟ್, ಪಾದರಸ ಇದೆ' ಅಂತ ಬರೆದು, ಗಾಡಿಯವರ ಕೈಗೇ ಕೊಟ್ಟು, "ಅಣ್ಣ, ಇದನ್ನ ಎಸೀಬೇಡಿ, ಒಡೆದರೆ ವಿಷದ ಪುಡಿ ಬರುತ್ತೆ, ಪಕ್ಕದಲ್ಲಿ ಇಟ್ಕೊಳ್ಳಿ" ಅಂತ ಹೇಳೋದು. ಹೇಳಿದರೆ ಕೇಳುತ್ತಾರೆ. ನಮ್ಮ ಬೀದಿಯ ಗಾಡಿಯಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಚೀಲ ತೂಗುಹಾಕಿರುತ್ತಾರೆ, ಬಾಟಲಿ, ಗಾಜು ಅಲ್ಲಿಗೆ ಹೋಗುತ್ತದೆ.

ಒಂದು ಎರಡು ಬಲ್ಬಿಗೆ, ಅದೂ ಗುರುತಿರುವ ಗಾಡಿಯವರಾದರೆ, ಸರಿ. ಗಾಡಿಯಿಂದ ಕಸ ಒತ್ತುವ ದೊಡ್ಡ ಲಾರಿಗೆ ಸುರಿಯುವ ಕಡೆ ಏನಾಗುತ್ತೆ ಅನ್ನೋದು ನಿಮ್ಮ ಕೈಲಿಲ್ಲ. ಹಸಿಕಸದ ಬಕೆಟ್ಟಿನಲ್ಲಿ ಮುಚ್ಚಿ ಕೊಡೋದಂತೂ ಬೇಡವೇ ಬೇಡ, ಅದು ಗೊಬ್ಬರಕ್ಕೆ ಹೋಗುವ ಕಸ.

ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ

ಬೆಂಗಳೂರಿನಲ್ಲಿ ವಾರ್ಡಿಗೊಂದರಂತೆ ಈ ಕೇಂದ್ರಗಳನ್ನು ಮಾಡಿದ್ದಾರೆ. ಎಷ್ಟೋ ಕಡೆ ಹಿಂದೆ ಕಸ ಆಯುತ್ತಿದ್ದವರೇ ನಡೆಸುತ್ತಾರೆ. ಮೈಸೂರು, ಮಂಗಳೂರಿನಂಥ ಊರುಗಳಲ್ಲೂ ಪಾಲಿಕೆಯ ಒಣಕಸ ಘಟಕಗಳಿವೆ. ನೀವೇ ಒಯ್ದು ಕೊಟ್ಟರೆ ನಡುವಿನ ಎರಡು ಮೂರು ಕೈ ತಪ್ಪುತ್ತದೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಲಾಭ. ಜೊತೆಗೆ ಕೇಂದ್ರದವರ ಮುಖ ನೋಡಿ ಕೇಳಬಹುದು: "ಟ್ಯೂಬ್‌ಲೈಟ್ ತಗೋತೀರಾ? ತಗೊಂಡು ಯಾರಿಗೆ ಕೊಡ್ತೀರಾ?"

ಈ ಎರಡನೇ ಪ್ರಶ್ನೆ ಮರೆಯಬೇಡಿ. "ಇ-ವೇಸ್ಟ್‌ನವರು ಬಂದು ತಗೊಂಡು ಹೋಗ್ತಾರೆ" ಅಂದರೆ ಧೈರ್ಯವಾಗಿ ಕೊಡಿ. "ಗಾಜಿನ ರಾಶಿಗೆ ಹಾಕ್ತೀವಿ" ಅಂದರೆ ವಾಪಸ್ ತನ್ನಿ. ಗಾಜಿನ ರಾಶಿ ಅಂದರೆ ಪುಡಿ ಮಾಡೋದು, ಪುಡಿ ಮಾಡುವವರು ಬರಿಗೈಯಲ್ಲಿ. ಟ್ಯೂಬಿಗೆ ಅವರಿಗೆ ದುಡ್ಡು ಹುಟ್ಟುವುದಿಲ್ಲ ಅನ್ನೋದೂ ನೆನಪಿರಲಿ. ಪೇಪರ್, ರಟ್ಟು, ಪ್ಲಾಸ್ಟಿಕ್ ಬಾಟಲಿಯಿಂದ ಹೊಟ್ಟೆ ತುಂಬಬೇಕಾದವರು ನಿಮ್ಮ ಟ್ಯೂಬನ್ನು ಜಾಗ ಕೊಟ್ಟು ಕಾಯುತ್ತಿರುತ್ತಾರೆ. ಟ್ಯೂಬಿನ ಜೊತೆ ಒಂದು ಚೀಲ ಹಳೇ ಪೇಪರ್ ಒಯ್ದರೆ ಅವರಿಗೂ ಖುಷಿ. ನಾನು ಹಾಗೇ ಮಾಡೋದು.

ಅದೇ 2016ರ ನಿಯಮಗಳಲ್ಲಿ ಇನ್ನೊಂದು ಮಾತಿತ್ತು: ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಮನೆಯ ಅಪಾಯಕಾರಿ ಕಸ ತಂದುಕೊಡುವ ಕೇಂದ್ರವನ್ನು ಸ್ಥಳೀಯ ಸಂಸ್ಥೆ ತೆರೆಯಬೇಕು, ಎಷ್ಟು ಹೊತ್ತಿಗೆ ತೆರೆದಿರುತ್ತೆ ಅಂತ ಪ್ರಕಟಿಸಬೇಕು. ನಿಮ್ಮ ಪುರಸಭೆಯ ಆರೋಗ್ಯ ನಿರೀಕ್ಷಕರನ್ನು ಈ ಮಾತು ಹಿಡಿದೇ ಕೇಳಿ. ಇದ್ದರೆ ಜಾಗ ಹೇಳುತ್ತಾರೆ. ಇಲ್ಲದಿದ್ದರೆ, ಕೇಳುವವರು ಇದ್ದಾರೆ ಅಂತಾದರೂ ಗೊತ್ತಾಗುತ್ತದೆ.

ಅಂಗಡಿ ಮತ್ತು ಕಂಪನಿ

ತಂದ ಅಂಗಡಿಗೇ ವಾಪಸ್ ಕೊಡೋದು ಕೇಳೋಕೆ ಚೆನ್ನಾಗಿದೆ. ಗುರುತಿನ ಎಲೆಕ್ಟ್ರಿಕಲ್ ಅಂಗಡಿಯವರು ಹೊಸದು ಕೊಂಡಾಗ ಹಳೆಯದನ್ನು ಇಟ್ಟುಕೊಳ್ಳಲೂಬಹುದು. ಆದರೆ ಆಮೇಲೆ? ಸಂಜೆ ಅಂಗಡಿ ಗುಡಿಸುವಾಗ ಅದೂ ಬೀದಿಯ ಕಸಕ್ಕೆ ಹೋಗುತ್ತದೆ ಅಂತಾದರೆ ನಿಮ್ಮ ಮನೆಯಿಂದ ಅವರ ಬಾಗಿಲಿಗೆ ಕಸ ಸಾಗಿಸಿದಂತಾಯ್ತು, ಅಷ್ಟೇ. ಕೇಳಿ ಕೊಡಿ.

ಕಂಪನಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಇ-ತ್ಯಾಜ್ಯ ನಿಯಮಗಳು ಮೊದಲ ಸಲ ಸಿಎಫ್‌ಎಲ್ ಮತ್ತು ಪಾದರಸದ ಬೇರೆ ದೀಪಗಳನ್ನು ಒಳಗೆ ತಂದವು. ತಯಾರಿಸಿದವರೇ ಹಳೆಯದರ ಜವಾಬ್ದಾರಿ ಹೊರಬೇಕು ಅಂದವು. ಪ್ಯಾಕೆಟ್ಟಿನ ಮೇಲೆ ಅಡ್ಡಗೀಟು ಹಾಕಿದ ಚಕ್ರದ ಕಸದಬುಟ್ಟಿಯ ಚಿತ್ರ ಇರುತ್ತಲ್ಲ, ಅದರ ಅರ್ಥ ಇದನ್ನು ಮಾಮೂಲಿ ಕಸಕ್ಕೆ ಹಾಕಬೇಡಿ ಅಂತ. 2023ರ ಏಪ್ರಿಲ್ 1ರಿಂದ ಹೊಸ ನಿಯಮ ಬಂತು. ಈಗ ಕಂಪನಿಗಳು ನೋಂದಾಯಿತ ರೀಸೈಕ್ಲರ್‌ಗಳಿಂದ, ಇಷ್ಟು ರೀಸೈಕಲ್ ಆಯ್ತು ಅನ್ನೋ ಸರ್ಟಿಫಿಕೇಟ್ ಕೊಂಡು ತಮ್ಮ ಪಾಲಿನ ಗುರಿ ಮುಟ್ಟಿಸುತ್ತವೆ. ಆ ಸರ್ಟಿಫಿಕೇಟಿನ ಲೆಕ್ಕ ನಡೆಯೋದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣದ ಮೇಲೆ. ಟ್ಯೂಬ್‌ಲೈಟಿನಲ್ಲಿ ಇರೋದು ಬಹುಪಾಲು ಗಾಜು. ಲ್ಯಾಪ್‌ಟಾಪ್ ಅಂದರೆ ಮನೆಗೇ ಓಡಿ ಬರುವವರು ಟ್ಯೂಬ್‌ಲೈಟ್ ಅಂದರೆ ಫೋನ್ ಇಡೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಹಾಗಂತ ಕಂಪನಿಯನ್ನು ಬಿಡಬೇಡಿ. ದೊಡ್ಡ ಬ್ರ್ಯಾಂಡಿನ ಬಲ್ಬಾದರೆ ಅವರ ವೆಬ್‌ಸೈಟಿನಲ್ಲಿ ಇ-ತ್ಯಾಜ್ಯ ಅನ್ನೋ ಪುಟ, ಅದರಲ್ಲಿ ಉಚಿತ ಸಹಾಯವಾಣಿ ನಂಬರ್ ಇರುತ್ತದೆ. ಒಂದು ಕರೆ ಮಾಡಿ. ನಿಮ್ಮ ಊರಿನ ಹತ್ತಿರ ಸಂಗ್ರಹ ಕೇಂದ್ರ ಇದ್ದರೆ ವಿಳಾಸ ಸಿಗುತ್ತೆ. ಬೇರೆ ಬೇರೆ ಬ್ರ್ಯಾಂಡಿನ ಹಳೇ ಬಲ್ಬು ಕಲಸುಮೇಲೋಗರ ಆಗಿದ್ದರೆ ಈ ದಾರಿ ಬರೀ ಸುಸ್ತು.

ಅಧಿಕೃತ ಇ-ತ್ಯಾಜ್ಯ ಸಂಸ್ಥೆ

ಪಾದರಸವನ್ನು ನಿಜವಾಗಿ ಹಿಡಿಯಬಲ್ಲದ್ದು ಟ್ಯೂಬ್‌ಲೈಟಿಗೆ ಬೇಕಾದ ಯಂತ್ರ ಇರುವ ಕಡೆ ಮಾತ್ರ. ಮುಚ್ಚಿದ ಯಂತ್ರದೊಳಗೆ, ಗಾಳಿ ಹೊರಗೆ ಬರದಂತೆ ಒಳಕ್ಕೆ ಎಳೆಯುತ್ತಾ, ಟ್ಯೂಬನ್ನು ಒಡೆಯುತ್ತಾರೆ. ತುದಿಯ ಲೋಹದ ಟೋಪಿ ಒಂದು ಕಡೆ, ಗಾಜು ಒಂದು ಕಡೆ, ಬಿಳಿ ಪುಡಿ ಇನ್ನೊಂದು ಕಡೆ. ಪುಡಿಯನ್ನು ಕಾಯಿಸಿ ಪಾದರಸವನ್ನು ಆವಿ ಮಾಡಿ, ತಣಿಸಿ, ಮತ್ತೆ ಹನಿಯಾಗಿ ಹಿಡಿಯುತ್ತಾರೆ. ತಪ್ಪಿಸಿಕೊಂಡ ಆವಿಯನ್ನು ಇದ್ದಿಲಿನ ಫಿಲ್ಟರ್ ಹಿಡಿಯುತ್ತದೆ.

ಇಲ್ಲಿ ಎರಡು ತೊಡಕು. ಇ-ತ್ಯಾಜ್ಯದ ಪರವಾನಗಿ ಇರುವವರೆಲ್ಲರ ಹತ್ತಿರವೂ ದೀಪ ಒಡೆಯುವ ಯಂತ್ರ ಇರುವುದಿಲ್ಲ. ಕಂಪ್ಯೂಟರ್ ಬಿಚ್ಚುವುದೇ ಬೇರೆ, ಇದೇ ಬೇರೆ. ಹಾಗಾಗಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿ ನೋಡಿ ಫೋನ್ ಮಾಡಿದಾಗ "ಇ-ವೇಸ್ಟ್ ತಗೋತೀರಾ" ಅಂತ ಕೇಳಬೇಡಿ. "ಪಾದರಸ ಇರುವ ಟ್ಯೂಬ್‌ಲೈಟ್ ತಗೋತೀರಾ" ಅಂತಲೇ ಕೇಳಿ. ಎರಡನೆಯದು, ನಾಲ್ಕು ಬಲ್ಬಿಗೆ ಯಾರೂ ಗಾಡಿ ಕಳಿಸುವುದಿಲ್ಲ. ಅವರಿಗೆ ಇಂತಿಷ್ಟು ಕಿಲೋ ಅಂತ ಬೇಕು. ಇಲ್ಲವೇ ಸಾಗಣೆಗೆ ದುಡ್ಡು ಕೇಳುತ್ತಾರೆ. ಕೇಳೋದು ನ್ಯಾಯವೇ, ಟ್ಯೂಬಿನಿಂದ ಅವರಿಗೆ ಬರುವುದೇನೂ ಇಲ್ಲ.

ಅಪಾರ್ಟ್‌ಮೆಂಟಿನವರಿಗೆ ಮಾತ್ರ ಇದು ಹೇಳಿ ಮಾಡಿಸಿದ ದಾರಿ. ನೂರು ಮನೆ, ಮೆಟ್ಟಿಲು, ಪಾರ್ಕಿಂಗ್, ಪಂಪ್‌ಹೌಸ್ ಎಲ್ಲ ಸೇರಿದರೆ ವರ್ಷಕ್ಕೊಂದು ಗಾಡಿ ಕರೆಸುವಷ್ಟು ಆಗುತ್ತದೆ. ಬೇಸ್‌ಮೆಂಟಿನ ಮೂಲೆಯಲ್ಲಿ, ಕಾರು ತಾಗದ ಕಡೆ, ಎದೆಯೆತ್ತರದ ರಟ್ಟಿನ ಪೆಟ್ಟಿಗೆ ಒಂದನ್ನು ನಿಲ್ಲಿಸಿ. ಟ್ಯೂಬ್‌ಗಳು ನಿಂತೇ ಇರಲಿ. ಮಲಗಿಸಿದರೆ ಮೇಲೆ ಯಾರಾದರೂ ಏನಾದರೂ ಇಟ್ಟೇ ಇಡುತ್ತಾರೆ. ಗಾಡಿ ಬಂದಾಗ ಉಳಿದ ಇ-ಕಸವನ್ನೂ ಜೊತೆಗೇ ಕೊಡಿ. ಹಳೇ ಯುಪಿಎಸ್, ಮಾನಿಟರ್ ಇದ್ದರೆ ಅವರೂ ಬೇಗ ಬರುತ್ತಾರೆ, ಸಾಗಣೆಯ ದುಡ್ಡಿನ ಮಾತೂ ತಣ್ಣಗಾಗುತ್ತದೆ.

ಗುಜರಿ

ಗುಜರಿಯವನಿಗೆ ಟ್ಯೂಬು ಬೇಡ. ಅವನಿಗೆ ಬೇಕಾದ್ದು ಪಟ್ಟಿ ಮತ್ತು ಚೋಕ್. ಹಳೇ ಕಾಲದ ಭಾರದ ಚೋಕ್‌ನೊಳಗೆ ಕಬ್ಬಿಣದ ತಗಡು, ತಂತಿಯ ಸುತ್ತು ಇರುತ್ತದೆ, ಅದಕ್ಕೆ ಬೆಲೆ ಇದೆ. ತಿಪಟೂರಿನಲ್ಲಿ ಬಂದವನು ನೇರವಾಗಿ ಹೇಳಿದ: "ಅಣ್ಣ, ಪಟ್ಟಿ ಕೊಡಿ, ಟ್ಯೂಬ್ ನೀವೇ ಇಟ್ಕೊಳ್ಳಿ." ನೇರ ಮಾತು, ಒಳ್ಳೆಯ ಮಾತು. ಮುಲಾಜಿಗೆ ಟ್ಯೂಬನ್ನೂ ಎತ್ತಿಕೊಂಡು ಹೋಗುವವರು ಬೀದಿ ತಿರುವಿನಲ್ಲಿ ಒಡೆದು ತುದಿಯ ಅಲ್ಯೂಮಿನಿಯಂ ಮಾತ್ರ ಕಿತ್ತುಕೊಳ್ಳುತ್ತಾರೆ. ಪಟ್ಟಿ ಮಾರಿ, ಟ್ಯೂಬ್ ಬಿಚ್ಚಿ ನೀವೇ ಇಟ್ಟುಕೊಳ್ಳಿ.

ಮಕ್ಕಳಿಗೂ ಕೊಡಬೇಡಿ. ನಾವು ಚಿಕ್ಕವರಿದ್ದಾಗ ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸೋಕೆ ಟ್ಯೂಬ್‌ಲೈಟ್ ಗಾಜನ್ನೇ ಕುಟ್ಟಿ ಮಾಂಜಾ ಮಾಡುತ್ತಿದ್ದೆವು. ತೆಳ್ಳಗಿನ ಗಾಜು, ಬೇಗ ನುಣ್ಣಗಾಗುತ್ತದೆ ಅಂತ. ಒರಳಿನ ಮೇಲೆ ಬಗ್ಗಿ ಊದಿ ಊದಿ ಜರಡಿ ಹಿಡಿದದ್ದು ನೆನೆಸಿಕೊಂಡರೆ ಈಗ ಎದೆ ಝಲ್ ಅನ್ನುತ್ತದೆ.

ಹಿತ್ತಲು, ಬೆಂಕಿ, ಪಾಳುಬಾವಿ

ಹಳ್ಳಿಯಲ್ಲಿ ಇದು ಮೂರೂ ನಡೆಯುತ್ತದೆ. ಮೂರೂ ಬೇಡ. ಹೂತರೆ ನಿಮ್ಮ ಮಣ್ಣಿಗೆ, ಬಾವಿಗೆ ಹಾಕಿದರೆ ನಿಮ್ಮ ನೀರಿಗೆ, ಸುಟ್ಟರೆ ನಿಮ್ಮ ಮೂಗಿಗೆ. ಸುಡೋದು ಎಲ್ಲಕ್ಕಿಂತ ಕೆಟ್ಟದ್ದು, ಶಾಖಕ್ಕೆ ಪಾದರಸ ಒಂದೇ ಸಲ ಆವಿಯಾಗಿ ಏಳುತ್ತದೆ.

ಈಗ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅನ್ನೋ ಕಸದ ಘಟಕಗಳಿವೆ. ಸಂಘದ ಹೆಣ್ಣುಮಕ್ಕಳು ಗಾಡಿ ಓಡಿಸಿ, ಕಸ ತಂದು, ಕೈಯಲ್ಲೇ ಬೇರೆ ಮಾಡುತ್ತಾರೆ. ಅಲ್ಲಿಗೆ ಕೊಡಬಹುದಾ? ಒಡೆಯದ ಬಲ್ಬನ್ನು, ಹೇಳಿ ಕೊಡಬಹುದು, ಅವರು ಬೇರೆ ಇಟ್ಟು ತಾಲ್ಲೂಕಿಗೋ ಜಿಲ್ಲೆಗೋ ಕಳಿಸುತ್ತಾರೆ ಅಂತಾದರೆ. ಕಸದ ಚೀಲದೊಳಗೆ ತುರುಕಿ ಕೊಟ್ಟರೆ ಅದು ಬಿಚ್ಚಿಕೊಳ್ಳೋದು ಆ ಹೆಣ್ಣುಮಕ್ಕಳ ಕೈಯಲ್ಲಿ.

ಮನೆಯಲ್ಲೇ ಇಟ್ಟುಕೊಳ್ಳೋದು

ಇದನ್ನು ಯಾರೂ ದಾರಿ ಅಂತ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ. ಗಾಜು ಗಟ್ಟಿಯಾಗಿರುವ ತನಕ ಪಾದರಸ ಹೊರಗೆ ಬರುವುದಿಲ್ಲ. ಒಳ್ಳೆಯ ದಾರಿ ಸಿಗುವ ತನಕ ಆರು ತಿಂಗಳು, ವರ್ಷ ಇಟ್ಟರೂ ನಷ್ಟವಿಲ್ಲ. ನಮ್ಮಮ್ಮ ಮಾಡಿದ್ದು ಹೆಚ್ಚುಕಡಿಮೆ ಸರಿಯೇ.

ಇಡುವ ರೀತಿ ಮುಖ್ಯ. ಸಿಎಫ್‌ಎಲ್‌ಗೆ ಹೊಸ ಎಲ್‌ಇಡಿ ಬಂದ ರಟ್ಟಿನ ಡಬ್ಬಿ ಸಾಕು, ಅಂಥವನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಎತ್ತರದ ಕಡೆ ಇಡಿ. ಬಲ್ಬು ಬಿಚ್ಚುವಾಗ ಗಾಜಿನ ಸುರುಳಿ ಹಿಡಿದು ತಿರುಗಿಸಬೇಡಿ, ಬುಡದ ಪ್ಲಾಸ್ಟಿಕ್ ಹಿಡಿದು ತೆಗೆಯಿರಿ. ನಾಲ್ಕಡಿ ಟ್ಯೂಬಿಗೆ ನನಗೆ ಹೊಳೆದ ಉಪಾಯ ಪಿವಿಸಿ ಪೈಪು. ಪ್ಲಂಬರ್ ಬಿಟ್ಟುಹೋದ ಒಂದೂವರೆ ಇಂಚಿನ ಪೈಪಿನೊಳಗೆ 36 ವ್ಯಾಟ್‌ನ ತೆಳ್ಳಗಿನ ಟ್ಯೂಬು ಆರಾಮಾಗಿ ಜಾರುತ್ತದೆ, ಅದರ ದಪ್ಪ 26 ಮಿಲಿಮೀಟರ್. ಹಳೇ 40 ವ್ಯಾಟ್‌ನ ದಪ್ಪ ಟ್ಯೂಬು 38 ಮಿಲಿಮೀಟರ್, ಅದಕ್ಕೆ ಎರಡಿಂಚಿನದು ಬೇಕು. ಎರಡೂ ತುದಿಗೆ ಬಟ್ಟೆ ತುರುಕಿ ಟೇಪ್ ಸುತ್ತಿದರೆ ಬಸ್ಸಿನಲ್ಲೂ ಒಯ್ಯಬಹುದು. ಕಂಡಕ್ಟರ್ ಒಂದು ಸಲ ಗುರಾಯಿಸುತ್ತಾನೆ, ಅಷ್ಟೇ.

ಚಿಕ್ಕ ಮಕ್ಕಳು, ಬೆಕ್ಕು ಇರುವ ಮನೆಯಾದರೆ, ಪದೇ ಪದೇ ಮನೆ ಬದಲಾಯಿಸುವವರಾದರೆ ಈ ದಾರಿ ಬೇಡ. ಸಾಮಾನು ಸಾಗಿಸುವ ಲಾರಿಯಲ್ಲಿ ಒಡೆಯದ ಟ್ಯೂಬ್ ನಾನು ಇನ್ನೂ ನೋಡಿಲ್ಲ.

ಹಾಗಾದರೆ ಯಾರಿಗೆ ಯಾವುದು?

ದೊಡ್ಡ ಊರಲ್ಲಿ ಬಾಡಿಗೆ ಮನೆ, ಒಂದೆರಡು ಬಲ್ಬು ಅಂದರೆ ಒಣ ತ್ಯಾಜ್ಯ ಕೇಂದ್ರ. ಅದು ದೂರ ಆದರೆ, ಗುರುತಿನ ಗಾಡಿಯವರ ಕೈಗೆ, ಹೇಳಿ, ಸುತ್ತಿ. ಅಪಾರ್ಟ್‌ಮೆಂಟ್ ಅಂದರೆ ಪೆಟ್ಟಿಗೆ ಇಟ್ಟು ವರ್ಷಕ್ಕೊಮ್ಮೆ ಅಧಿಕೃತ ಸಂಸ್ಥೆ, ಬೇರೆ ಯೋಚನೆಯೇ ಬೇಡ. ಸ್ವಂತ ಮನೆ, ಎಲ್ಲ ಟ್ಯೂಬನ್ನೂ ಒಟ್ಟಿಗೆ ಎಲ್‌ಇಡಿಗೆ ಬದಲಿಸುತ್ತಿದ್ದೀರಿ ಅಂದರೆ ಎಲೆಕ್ಟ್ರಿಷಿಯನ್ "ನಾನೇ ತಗೊಂಡು ಹೋಗ್ತೀನಿ ಬಿಡಿ ಸರ್" ಅಂದಾಗ ಬೇಡ ಅನ್ನಿ. ಹತ್ತು ಹದಿನೈದು ಆದರೆ ಹತ್ತಿರದ ಅಪಾರ್ಟ್‌ಮೆಂಟಿನವರ ಗಾಡಿಗೆ ಸೇರಿಸಬಹುದು, ಕೇಳಿದರೆ ಇಲ್ಲ ಅನ್ನುವುದಿಲ್ಲ. ಸಣ್ಣ ಊರು, ಹಳ್ಳಿ ಅಂದರೆ ಇಟ್ಟುಕೊಂಡು, ಯಾರಾದರೂ ಬೆಂಗಳೂರಿಗೋ ಮೈಸೂರಿಗೋ ಕಾರಿನಲ್ಲಿ ಹೊರಟಾಗ ಕಳಿಸಿ. ನಿಮ್ಮ ಪಂಚಾಯಿತಿ ಚುರುಕಾಗಿದ್ದರೆ ಅಲ್ಲಿಗೇ ಕೊಡಿ.

ಈ ತಲೆನೋವು ಎಷ್ಟು ದಿನ ಅಂತ ಕೇಳಿದರೆ, ಬಹಳ ದಿನ ಇಲ್ಲ. ಪಾದರಸದ ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಆ ಒಪ್ಪಂದದ ದೇಶಗಳು 2023ರ ಸಭೆಯಲ್ಲಿ, ಮಾಮೂಲಿ ಟ್ಯೂಬ್‌ಲೈಟ್ ತಯಾರಿಕೆಯನ್ನು 2027ರೊಳಗೆ ನಿಲ್ಲಿಸೋಣ ಅಂತ ಒಪ್ಪಿವೆ. ಆಮೇಲೆ ಉಳಿಯೋದು ಅಟ್ಟದಲ್ಲಿರುವವು ಮಾತ್ರ.

ಒಡೆದೇ ಹೋದರೆ

ಮೊದಲು ಮಕ್ಕಳನ್ನು, ಬಸುರಿ ಹೆಂಗಸರಿದ್ದರೆ ಅವರನ್ನು, ನಾಯಿ ಬೆಕ್ಕನ್ನು ಆಚೆ ಕಳಿಸಿ. ಫ್ಯಾನ್, ಏಸಿ ಆರಿಸಿ. ಕಿಟಕಿ ತೆಗೆದು, ನೀವೂ ಹೊರಗೆ ಹೋಗಿ ಹತ್ತು ನಿಮಿಷ ಬಿಡಿ.

ಆಮೇಲೆ ಪೊರಕೆ ಮುಟ್ಟಬೇಡಿ. ವ್ಯಾಕ್ಯೂಮ್ ಕ್ಲೀನರಂತೂ ಬೇಡವೇ ಬೇಡ, ಪುಡಿಯನ್ನೂ ಆವಿಯನ್ನೂ ಮನೆಯೆಲ್ಲ ಹರಡುತ್ತದೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎರಡು ಗಟ್ಟಿ ರಟ್ಟಿನಿಂದ, ಮದುವೆ ಕಾರ್ಡು ಇದ್ದರೆ ಚೆನ್ನಾಗಿ ಬರುತ್ತೆ, ಚೂರನ್ನು ಬಳಿಯಿರಿ. ಪುಡಿಗೆ ಅಂಟುವ ಟೇಪ್ ಒತ್ತಿ ಎತ್ತಿ. ಕೊನೆಗೆ ಒದ್ದೆ ಪೇಪರಿನಲ್ಲಿ ಒರೆಸಿ. ಚೂರು, ಟೇಪ್, ಪೇಪರ್, ರಟ್ಟು ಎಲ್ಲವನ್ನೂ ತಿರುಗಿಸುವ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಬಿಗಿ ಮುಚ್ಚಿ, ಮನೆಯ ಹೊರಗಿಡಿ. ಹಳೇ ಉಪ್ಪಿನಕಾಯಿ ಬಾಟಲಿ ಸರಿಹೋಗುತ್ತೆ. ಮೇಲೆ ಬರೆದು ಅಂಟಿಸಿ, ಇಡೀ ಬಲ್ಬು ಹೋಗುವ ಕಡೆಗೇ ಇದೂ ಹೋಗಲಿ. ಚೂರು ಬಿದ್ದ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ.

ಅಮ್ಮನ 11 ಬಲ್ಬು, ಮೂರು ಟ್ಯೂಬು ಬೆಂಗಳೂರಿಗೆ ಬಂದವು, ಕಾರಿನ ಹಿಂದಿನ ಸೀಟಿನಲ್ಲಿ ಪೈಪುಗಳ ಜೊತೆ. ಸ್ನೇಹಿತರ ಅಪಾರ್ಟ್‌ಮೆಂಟಿನ ಪೆಟ್ಟಿಗೆಯಲ್ಲಿ ಕೂತಿವೆ. ಸೀರೆ ಡಬ್ಬಿ ವಾಪಸ್ ತಾ ಅಂದಿದ್ದಳು ಅಮ್ಮ. ಬಿಡಿಸಿ ನೋಡಿದಾಗ ಒಂದು ಬಲ್ಬಿನ ಸುರುಳಿ ಬಿರುಕು ಬಿಟ್ಟು, ರವಿಕೆ ಬಟ್ಟೆಯ ಮಡಿಕೆಯಲ್ಲಿ, ಡಬ್ಬಿಯ ಮೂಲೆಯಲ್ಲಿ ಬಿಳಿ ಪುಡಿ ಕೂತಿತ್ತು. ಆ ಬಲ್ಬು, ಬಟ್ಟೆ ಉಪ್ಪಿನಕಾಯಿ ಬಾಟಲಿಗೆ ಹೋದವು, ಡಬ್ಬಿ ಕವರಿನೊಳಗೆ ಕಟ್ಟಿಸಿಕೊಂಡು ಪೆಟ್ಟಿಗೆಯ ಪಕ್ಕಕ್ಕೆ. ಫೋನಿನಲ್ಲಿ ಹೇಳಿದೆ.

"ಗಟ್ಟಿ ಡಬ್ಬಿ ಕಣೋ ಅದು" ಅಂದಳು.